‘ದೆರೆಚೊ’ ಒಂದೇ ಸಾಲಿಗೆ ಮುಗಿಯುವ ಪದವಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯ ಸ್ಪ್ಯಾನಿಷ್ ಪದಗಳ ಪಟ್ಟಿಯನ್ನು ತಪ್ಪದೆ ಓದುತ್ತೇನೆ. ಕಳೆದ ವಾರ ‘ಡೆರೆಚೋ – ಬಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಬಲಗಡೆ ಎಂಬ ಅರ್ಥ ತಪ್ಪೇನಲ್ಲ. ಆದರೆ ಅದೊಂದನ್ನೇ ಬಾಯಿಪಾಠ ಮಾಡಿಕೊಂಡವರು ಈ ಪದ ಎರಡನೇ ಸಲ ಎದುರಾದಾಗಲೇ ಕಂಗಾಲಾಗುತ್ತಾರೆ.

ನಾನು ಹೆಣಿಗೆ ಕಲಿಸುವವಳು. ಅರ್ಜೆಂಟೀನಾ, ಸ್ಪೇನ್ ಕಡೆಯ ಒಳ್ಳೊಳ್ಳೆಯ ಸ್ವೆಟರ್ ಮಾದರಿಗಳು ಎಷ್ಟೋ ಸಲ ಸ್ಪ್ಯಾನಿಷ್‌ನಲ್ಲಿ ಮಾತ್ರ ಸಿಗುತ್ತವೆ. ಅದಕ್ಕೇ ಆ ಭಾಷೆ ಕಲಿತದ್ದು. ಮುಂದೆ ಗುಂಡಿ ಹಾಕುವ ಒಂದು ಸ್ವೆಟರಿನ ಮಾದರಿಯನ್ನೇ ತೆಗೆದುಕೊಳ್ಳಿ. ‘ದೆಲಾಂತೆರೊ ದೆರೆಚೊ’ ಎಂದರೆ ಮುಂಭಾಗದ ಬಲಗಡೆಯ ತುಂಡು. ಯಾರ ಬಲ? ತೊಟ್ಟವರದ್ದು, ಎದುರು ನಿಂತು ನೋಡುವವರದ್ದಲ್ಲ. ಬಲತೋಳಿಗೆ ಬಂದರೆ ಅದೇ ಪದ ‘ಮಾಂಗಾ ದೆರೆಚಾ’ ಆಗುತ್ತದೆ, ಯಾಕೆಂದರೆ ತೋಳು ಆ ಭಾಷೆಯಲ್ಲಿ ಸ್ತ್ರೀಲಿಂಗ. ಇಲ್ಲಿಯವರೆಗೆ ನಿಮ್ಮ ‘ಬಲ’ ಸಾಕು.

ಮಣಿಕಟ್ಟಿನ ಪಟ್ಟಿಗೆ ಬನ್ನಿ. ‘2 ದೆರೆಚೊ, 2 ರೆಬೆಸ್’ ಎಂದು ಬರೆದಿರುತ್ತಾರೆ. ಇಲ್ಲಿ ದೆರೆಚೊ ಎಂದರೆ ನಾವು ನಿಟ್ ಎನ್ನುವ ಸೀದಾ ಹೆಣಿಗೆ, ರೆಬೆಸ್ ಎಂದರೆ ಪರ್ಲ್, ಉಲ್ಟಾ ಹೆಣಿಗೆ. ಬಲ ಎಂದು ಓದಿಕೊಂಡರೆ ಕಡ್ಡಿ ಅಲ್ಲೇ ನಿಂತಿತು. ಮುಂದಕ್ಕೆ ಬಟ್ಟೆಯ ಹೊರಮೈಗೂ ‘ದೆರೆಚೊ’ ಎಂದೇ ಹೆಸರು. ಹಾಗಾಗಿ ನುಣುಪು ಹೆಣಿಗೆಯ ವಿವರಣೆಯಲ್ಲಿ ‘ದೆರೆಚೊ ಸಾಲುಗಳಲ್ಲಿ ಎಲ್ಲವನ್ನೂ ದೆರೆಚೊ ಹೆಣೆಯಿರಿ’ ಎಂಬಂಥ ವಾಕ್ಯ ಬರುತ್ತದೆ: ಹೊರಮೈ ಕಾಣುವ ಸಾಲುಗಳಲ್ಲೆಲ್ಲ ಸೀದಾ ಹೆಣಿಗೆ ಹಾಕಿ ಅಂತ. ಒಂದೇ ವಾಕ್ಯದಲ್ಲಿ ಎರಡು ಸಲ, ಎರಡು ಅರ್ಥ. ಕುಣಿಕೆಗಳನ್ನು ಹೆಚ್ಚಿಸದೆ, ಇಳಿಸದೆ ನೆಟ್ಟಗೆ ಹೆಣೆಯುತ್ತಾ ಹೋಗಿ ಎನ್ನಲೂ ಇದೇ ಪದ ಬಳಸುವವರಿದ್ದಾರೆ. ಆಗ ಅಕ್ಕಪಕ್ಕದ ಪದಗಳನ್ನು ನೋಡಿಯೇ ತೀರ್ಮಾನಿಸಬೇಕು. ಇಷ್ಟೂ ಮುಗಿದು ಪುಟದ ಕೊನೆಗೆ ಸಣ್ಣಕ್ಷರದಲ್ಲಿ ‘ತೊದೊಸ್ ಲೊಸ್ ದೆರೆಚೊಸ್ ರೆಸೆರ್ವಾದೊಸ್’ ಎಂದಿರುತ್ತದೆ. ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ ಎಂದರ್ಥ. 1948ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಾನವ ಹಕ್ಕುಗಳ ಘೋಷಣೆಯ ಸ್ಪ್ಯಾನಿಷ್ ಹೆಸರಿನಲ್ಲಿರುವುದೂ ಇದೇ ‘ದೆರೆಚೊಸ್’.

ಇದೆಲ್ಲ ಗೋಜಲೇನಲ್ಲ. ಲ್ಯಾಟಿನ್ನಿನ ‘ದಿರೆಕ್ತುಸ್’, ಅಂದರೆ ನೇರ, ಎಂಬ ಪದದಿಂದ ಬಂದದ್ದು ಇದು. ನೇರವಾದದ್ದು ಸರಿಯಾದದ್ದು, ಸರಿಯಾದದ್ದು ನ್ಯಾಯ, ನ್ಯಾಯವಾಗಿ ಸಲ್ಲಬೇಕಾದದ್ದು ಹಕ್ಕು ಎಂದು ಅರ್ಥ ಬೆಳೆದಿದೆ. ಕಾನೂನು ಓದುವವರು ಓದುವುದು ದೆರೆಚೊ. ಒಂದೊಂದು ಬಿಡಿ ಕಾಯಿದೆಗೆ ಮಾತ್ರ ‘ಲೆಯ್’ ಎಂಬ ಬೇರೆ ಪದವಿದೆ. ‘ಇದು ಅನ್ಯಾಯ!’ ಎಂದು ರೇಗುವಾಗಲೂ ಸ್ಪೇನಿನವರ ಬಾಯಲ್ಲಿ ಬರುವುದು ‘ನೊ ಐ ದೆರೆಚೊ’. ಕನ್ನಡಿಗರಿಗೆ ಇದರಲ್ಲಿ ಬೆರಗೇಕೆ? ನಮ್ಮ ‘ಬಲ’ ತೋಳಿನ ಶಕ್ತಿಯೂ ಹೌದು, ಬಲಗೈಯ ಬಲವೂ ಹೌದು.

ದಾರಿ ಕೇಳುವಾಗ ಮಾತ್ರ ಒಂದು ಸ್ವರವನ್ನು ಕಿವಿಗೊಟ್ಟು ಕೇಳಬೇಕು. ಮೆಕ್ಸಿಕೊ, ಕೊಲಂಬಿಯಾದಲ್ಲಿ ‘ಸಿಗಾ ದೆರೆಚೊ’ ಎಂದರೆ ನೇರ ಹೋಗಿ. ‘ಆ ಲಾ ದೆರೆಚಾ’ ಎಂದರೆ ಬಲಕ್ಕೆ. ಕೊನೆಯ ‘ಒ’ ಮತ್ತು ‘ಆ’ ಇಲ್ಲಿ ದಾರಿಯನ್ನೇ ಬದಲಿಸುತ್ತವೆ. ರಾಜಕೀಯದ ಬಲಪಂಥವೂ ‘ಲಾ ದೆರೆಚಾ’ನೇ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ನಾಮಪದವಾದರೆ ಜೊತೆಗೆ ಪುಲ್ಲಿಂಗ ತೋರಿಸುವ ‘ಎಲ್’ ಅಥವಾ ಸ್ತ್ರೀಲಿಂಗ ತೋರಿಸುವ ‘ಲಾ’ ಸೇರಿಸಿ ಮುದ್ರಿಸಿ. ವಿಶೇಷಣವಾದರೆ ಒಂಟಿಯಾಗಿ ಬಿಡದೆ ಒಂದು ನಾಮಪದದ ಪಕ್ಕ ಕೂರಿಸಿ, ಪುಲ್ಲಿಂಗಕ್ಕೊಂದು, ಸ್ತ್ರೀಲಿಂಗಕ್ಕೊಂದು. ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಪ್ರತಿ ಅರ್ಥದ ಮುಂದೆಯೂ ಅದು ನಾಮಪದವೋ ವಿಶೇಷಣವೋ ಎಂದು ಗುರುತು ಹಾಕಿರುತ್ತಾರೆ. ಆ ಗುರುತನ್ನಾದರೂ ಉಳಿಸಿಕೊಳ್ಳಿ. ವಾರಕ್ಕೆ ಹತ್ತು ಪದಗಳ ಬದಲು ಎರಡೇ ಕೊಟ್ಟರೂ ನನ್ನಂಥವರ ತಕರಾರಿಲ್ಲ.

ಇನ್ನೊಂದು ಚಿಕ್ಕ ಮಾತು. ದಯವಿಟ್ಟು ‘ಡೆರೆಚೋ’ ಬೇಡ. ಸ್ಪ್ಯಾನಿಷ್‌ನ ಆ ಉಚ್ಚಾರ ನಮ್ಮ ‘ದ’ಕ್ಕೆ ಹತ್ತಿರ, ‘ತ’ವೂ ನಮ್ಮದೇ ‘ತ’. ಇಂಗ್ಲಿಷಿನವರಿಗೆ ಬಾರದ ಅಕ್ಷರ ನಮ್ಮಲ್ಲಿರುವಾಗ ಇಂಗ್ಲಿಷ್ ಉಚ್ಚಾರವನ್ನು ಸಾಲ ತರುವುದು ಯಾಕೆ?

ಪಟ್ಟಿ ಹೀಗೇ ಸಾಗಿದರೆ ‘ಕಾಪಿತಾಲ್’ ಕೂಡ ಬರಲಿದೆ. ‘ಎಲ್ ಕಾಪಿತಾಲ್’ ಬಂಡವಾಳ, ‘ಲಾ ಕಾಪಿತಾಲ್’ ರಾಜಧಾನಿ, ‘ಪೆನಾ ಕಾಪಿತಾಲ್’ ಮರಣದಂಡನೆ. ಅದನ್ನು ಒಂದೇ ಸಾಲಿನಲ್ಲಿ ಮುಗಿಸಬೇಡಿ ಎಂದು ಈಗಲೇ ಕೇಳಿಕೊಳ್ಳುತ್ತೇನೆ.

ಇಂತಿ,
ಹೆಣಿಗೆ ಕಲಿಸುವ ಒಬ್ಬ ಓದುಗಳು