ನಡುಗುವುದು ಕೆಳತುಟಿ

ತಿಪಟೂರು

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಮನೆ ಬಾಡಿಗೆ, ಅಲ್ಲಿನ ಚಳಿ, ಸಾರಿನಪುಡಿ ಮುಗಿದದ್ದು ಎಲ್ಲ ಓದಿದೆ. ಅದನ್ನೆಲ್ಲ ನಿಮ್ಮಮ್ಮ ನೋಡಿಕೊಳ್ಳುತ್ತಾಳೆ. ನನಗೆ ರಾತ್ರಿ ನಿದ್ದೆ ಕೆಡಿಸಿದ್ದು ಒಂದೇ ಸಾಲು. ಮೀಟಿಂಗಿನಲ್ಲಿ ತುಟಿ ನಡುಗಿತು, ಎದ್ದು ಹೊರಗೆ ಹೋದೆ, ಇನ್ನು ಬಾಯಿ ತೆರೆದರೆ ಎಲ್ಲಿ ಅತ್ತುಬಿಡುತ್ತೇನೋ ಅಂತ ಭಯ, ಎಂದು ಬರೆದಿದ್ದೀಯ. ನಿಮ್ಮ ಮ್ಯಾನೇಜರ್ 'ಸ್ಟಿಫ್ ಅಪ್ಪರ್ ಲಿಪ್' ಅಂದರಂತೆ. ಹಾಗಂದ್ರೆ ಏನು ಮಾವ ಅಂತ ಕೇಳಿದ್ದೀಯ.

ಮೇಲ್ತುಟಿ ಅಲುಗದಂತೆ ಬಿಗಿಹಿಡಿ, ಒಳಗಿನ ಸಂಕಟ ಮುಖದಲ್ಲಿ ಕಾಣಬಾರದು ಅಂತ. ನಾವು ಅವುಡುಗಚ್ಚಿಕೊಂಡು ಅನ್ನುತ್ತೇವಲ್ಲ, ಅದರ ಹತ್ತಿರದ್ದು. ಆದರೆ ಅವುಡುಗಚ್ಚಿದವನನ್ನು ನೋಡಿದರೆ ಪಾಪ, ತಡೆದುಕೊಂಡಿದ್ದಾನೆ ಅಂತಾದರೂ ಗೊತ್ತಾಗುತ್ತದೆ. ಇವರದ್ದರಲ್ಲಿ ಅದೂ ಗೊತ್ತಾಗಬಾರದು.

ಅಪ್ಪಟ ಇಂಗ್ಲಿಷರ ಮಾತು ಅಂತ ಮೂವತ್ತು ವರ್ಷ ಪಾಠ ಮಾಡಿದೆ. ತಪ್ಪು ಹೇಳಿಕೊಟ್ಟೆ. ಅಚ್ಚಿನಲ್ಲಿ ಸಿಕ್ಕಿರುವ ಹಳೆಯ ಬಳಕೆಗಳು ಅಮೆರಿಕದವು. 1815ರ ಮ್ಯಾಸಚೂಸೆಟ್ಸಿನ ಒಂದು ಪತ್ರಿಕೆಯಲ್ಲಿ ಒಬ್ಬ, ಮೇಲ್ತುಟಿ ಬಿಗಿಹಿಡಿದು ಸಾಮಾನು ಮಾರುವ ಲೈಸೆನ್ಸ್ ಕೊಂಡೆ ಅನ್ನುತ್ತಾನೆ. ಅಷ್ಟೇ! ಯುದ್ಧವೂ ಇಲ್ಲ, ಸಾವೂ ಇಲ್ಲ. 1852ರ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿಯಲ್ಲಿ, ಮಾರಾಟವಾಗಿ ಕಾಲಿಗೆ ಬೇಡಿ ಬಿದ್ದ ಗುಲಾಮ ಟಾಮನಿಗೆ ಯಜಮಾನನ ಮಗ ಇದೇ ಮಾತು ಹೇಳಿ ಬೀಳ್ಕೊಡುತ್ತಾನೆ. ಹುಡುಗ ಒಳ್ಳೆಯವನೇ. ಆದರೆ ಬೇಡಿ ಅವನ ಕಾಲಿಗಿರಲಿಲ್ಲ, ಅಲ್ವಾ? ಇಂಗ್ಲಿಷರು ಇದನ್ನು ಬೋರ್ಡಿಂಗ್ ಶಾಲೆಯ ಹುಡುಗರಿಗೆ ಅರೆದು ಕುಡಿಸಿ ತಮ್ಮದೇ ಮಾಡಿಕೊಂಡದ್ದು ಆಮೇಲೆ.

ತುಟಿ ನಡುಗಿತು ಅಂದೆಯಲ್ಲ, ನನಗೊಬ್ಬ ಹುಡುಗ ಕಣ್ಣಮುಂದೆ ಬಂದ. ಒಂಬತ್ತನೇ ಕ್ಲಾಸು. ಅಪ್ಪ ತೀರಿಕೊಂಡು ತಿಂಗಳಾಗಿರಲಿಲ್ಲ, ಬೋಳಿಸಿದ ತಲೆಯಲ್ಲಿ ಈಗಷ್ಟೇ ಕೂದಲು ಚಿಗುರುತ್ತಿತ್ತು. ಪಾಠ ಓದಲು ಎಬ್ಬಿಸಿದೆ. ಎರಡನೇ ಸಾಲಿಗೇ ಕೆಳತುಟಿ ಅದುರಿತು. ನಡುಗುವುದು ಹೆಚ್ಚಾಗಿ ಕೆಳತುಟಿಯೇ, ಗಮನಿಸಿದ್ದೀಯಾ? ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದ. ನಾನು ದೊಡ್ಡ ದನಿಯಲ್ಲಿ 'ಸ್ಟಿಫ್ ಅಪ್ಪರ್ ಲಿಪ್!' ಅಂದೆ. ಕ್ಲಾಸು ಗೊಳ್ಳೆಂದಿತು. ಅವನು ಪಾಠ ಓದಿ ಮುಗಿಸಿದ. ಆ ವರ್ಷ ಮತ್ತೆ ಒಂದು ಸಲವೂ ಕೈ ಎತ್ತಲಿಲ್ಲ. ಸ್ಟಾಫ್ ರೂಮಿಗೆ ಕರೆದು ಒಂದು ಮಾತಾಡಬಹುದಿತ್ತು. ನಾಳೆ ನಾಳೆ ಅಂತ ಬಿಟ್ಟೆ.

ನಿಮ್ಮಜ್ಜಿ ಹೋದ ದಿನ ನಾನು ಹೇಗಿದ್ದೆ ಅಂತ ನಿಮ್ಮಮ್ಮನಿಗೆ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಏನು ಹೇಳಲಿ ನಿನಗೆ? ಹತ್ತಿರ ಒಂದು ಲೋಟ ನೀರಿಟ್ಟುಕೋ. ಮೊದಲ ಸಾಲನ್ನು ಚೀಟಿಯಲ್ಲಿ ಬರೆದುಕೋ. ಇವೆಲ್ಲ ಹಳೇ ಮೇಷ್ಟ್ರ ಉಪಾಯ, ನಿಮ್ಮ ಆಫೀಸಿಗೆ ಒಗ್ಗುತ್ತದೋ ಇಲ್ಲವೋ. ಮತ್ತೆ ತುಟಿ ನಡುಗಿದರೆ ನಡುಗಲಿ ಬಿಡು. 'ಒಂದು ನಿಮಿಷ' ಅಂತ ಹೇಳಿ ಸುಮ್ನೆ ಕೂತಿರು. ಎದ್ದು ಮಾತ್ರ ಹೋಗಬೇಡ. ಹೋಗಬೇಕು ಅನಿಸಿದರೆ ಹೋಗು, ಅದೂ ತಪ್ಪಲ್ಲ. ನೋಡು, ನನಗೇ ಸರಿಯಾಗಿ ಹೇಳಲು ಬರುತ್ತಿಲ್ಲ.

ಭಾನುವಾರ ಫೋನ್ ಮಾಡು. ಮಾತಿಗಿಂತ ಅಳುವೇ ಜಾಸ್ತಿಯಾದರೂ ಪರವಾಗಿಲ್ಲ, ನಾನು ಫೋನ್ ಇಡುವುದಿಲ್ಲ.

ನಿನ್ನ ಮಾವ