ಮಂಡಿಯ ಪಟ್ಟಿ ಬಿಚ್ಚುವ ಮೊದಲು ಓದು

ಪ್ರೀತಿಯ ಪುಟ್ಟಿ,

ಶಸ್ತ್ರಚಿಕಿತ್ಸೆಯಾದ ರಾತ್ರಿ ಅರೆನಿದ್ದೆಯಲ್ಲೇ ನನ್ನ ಕೈ ಹಿಡಿದು ಕೇಳಿದೆ: "ಅಮ್ಮ, ಇನ್ನು ಫುಟಿ ಬೇಡ ಎನ್ನುತ್ತೀಯಾ?" ಫುಟಿ, ಆಸ್ಟ್ರೇಲಿಯಾದವರ ಆ ಅಂಡಾಕಾರದ ಚೆಂಡಿನ ಫುಟ್‌ಬಾಲ್, ನಿನಗೆ ಎಷ್ಟು ಇಷ್ಟವೆಂದು ಗೊತ್ತಿದ್ದೂ ನಾನು ಹೊದಿಕೆ ಸರಿಮಾಡಿ ಸುಮ್ಮನಾದೆ. ಹತ್ತು ದಿನಗಳಾದವು, ನೀನು ಮತ್ತೆ ಕೇಳಲಿಲ್ಲ. ಬಾಯಲ್ಲಿ ಹೇಳಹೊರಟರೆ ನನಗೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಭಾನುವಾರದ ತರಗತಿಯಲ್ಲಿ ಕಲಿತ ಕನ್ನಡ ಸಾಲದಿದ್ದರೆ ಕೂಡಿಸಿಕೊಂಡು ನಿಧಾನವಾಗಿ ಓದು.

2019ರ ಮಾರ್ಚ್ 31 ನೆನಪಿದೆಯೇ? ನಿನಗೆ ಆಗ ಒಂಬತ್ತು. ಅಡಿಲೇಡ್ ಓವಲ್ ಮೈದಾನದಲ್ಲಿ ಫುಟಿಯ ಮಹಿಳಾ ಲೀಗ್‌ನ ಫೈನಲ್. 53,034 ಜನ ಸೇರಿದ್ದರು. ಹೆಂಗಸರ ಆಟ ನೋಡಲು ಅಷ್ಟು ಜನ ಬಂದದ್ದನ್ನು ನಾನು ಹುಟ್ಟಿದಾರಭ್ಯ ಕಂಡಿರಲಿಲ್ಲ. ಮೂರನೆಯ ಕ್ವಾರ್ಟರ್‌ನಲ್ಲಿ ಅಡಿಲೇಡ್ ತಂಡದ ಎರಿನ್ ಫಿಲಿಪ್ಸ್ ಮಂಡಿ ಹಿಡಿದುಕೊಂಡು ಬಿದ್ದಳು. ಸ್ಟ್ರೆಚರ್‌ನಲ್ಲಿ ಹೊರಗೆ ಒಯ್ಯುವಾಗ ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ನೀನು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ಅಂದು ಅವಳದ್ದು ಹರಿದದ್ದೂ ಎಸಿಎಲ್ ಎಂಬ ಮಂಡಿಯೊಳಗಿನ ಅಸ್ಥಿರಜ್ಜು, ಈಗ ನಿನ್ನದು ಹರಿದಿರುವುದೂ ಅದೇ. ಅಡಿಲೇಡ್ ತಂಡ ಕಾರ್ಲ್‌ಟನ್ ವಿರುದ್ಧ 45 ಅಂಕಗಳಿಂದ ಗೆದ್ದಿತು. ಪೂರ್ತಿ ಆಡದಿದ್ದರೂ ಆ ದಿನದ ಶ್ರೇಷ್ಠ ಆಟಗಾರ್ತಿ ಅವಳೇ ಆದಳು.

ಆಮೇಲೆ ನಿನ್ನ ಗೋಡೆಯ ಮೇಲೆ ಅವಳ ಚಿತ್ರ ಬಂತು. ಅವಳ ಕಥೆ ನನಗೂ ಬಾಯಿಪಾಠವಾಯಿತು. ಅವಳ ಅಪ್ಪ ಗ್ರೆಗ್ ಫಿಲಿಪ್ಸ್ ಅದೇ ಊರಿನ ಇನ್ನೊಂದು ಫುಟಿ ತಂಡವಾದ ಪೋರ್ಟ್ ಅಡಿಲೇಡ್‌ನ ದೊಡ್ಡ ಆಟಗಾರ. ಅವಳಿಗೂ ಅದೇ ತಂಡಕ್ಕೆ ಆಡುವ ಆಸೆ. ಹುಡುಗರ ಜೊತೆ ಹದಿಮೂರರವರೆಗೆ ಆಡಿದಳು, ಆಮೇಲೆ ಹುಡುಗಿಯರಿಗೆ ಮುಂದಕ್ಕೆ ದಾರಿಯೇ ಇರಲಿಲ್ಲ. ಬ್ಯಾಸ್ಕೆಟ್‌ಬಾಲ್‌ಗೆ ಹೋದಳು. ಅಮೆರಿಕದಲ್ಲಿ 2012ರಲ್ಲಿ ಒಮ್ಮೆ, 2014ರಲ್ಲಿ ಇನ್ನೊಮ್ಮೆ ಚಾಂಪಿಯನ್ ತಂಡದಲ್ಲಿದ್ದಳು, ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದಳು. 2017ರಲ್ಲಿ ಮಹಿಳಾ ಲೀಗ್ ಶುರುವಾದಾಗ ಮೂವತ್ತೊಂದನೆಯ ವಯಸ್ಸಿನಲ್ಲಿ ಅಂಡಾಕಾರದ ಚೆಂಡಿಗೆ ಮರಳಿದಳು. ಮೊದಲ ವರ್ಷವೇ ಪ್ರಶಸ್ತಿ ತಂಡಕ್ಕೆ, ಲೀಗ್‌ನ ಶ್ರೇಷ್ಠ ಆಟಗಾರ್ತಿ ಎಂಬ ಪದಕ ಅವಳಿಗೆ.

ಹದಿಮೂರು ಎಂಬ ಆ ಅಂಕಿಯ ಮುಂದೆ ಮಾತ್ರ ನಾನು ಪ್ರತಿಸಲವೂ ನಿಂತುಬಿಡುತ್ತೇನೆ. ನಿನಗೆ ಇದುವರೆಗೆ ಹೇಳಿಲ್ಲ. ತಿ. ನರಸೀಪುರದ ಕಡೆಯ ನಮ್ಮ ಹಳ್ಳಿಯಲ್ಲಿ ನಾನು ಖೋ ಖೋ ಆಡುತ್ತಿದ್ದೆ. ಕಂಬ ಹಿಡಿದು ತಿರುಗುವುದರಲ್ಲಿ ನನ್ನನ್ನು ಮೀರಿಸುವವರು ತಾಲ್ಲೂಕಿನಲ್ಲಿ ಇರಲಿಲ್ಲ. ಜಿಲ್ಲಾ ಮಟ್ಟಕ್ಕೆ ಹೆಸರು ಬಂದ ವಾರವೇ ನಾನು ದೊಡ್ಡವಳಾದೆ. ಅಜ್ಜಿ ಆರತಿ ಎತ್ತಿದರು, ಚಿಗಳಿ ತಿನ್ನಿಸಿದರು, ಹೊಸ ಲಂಗ ದಾವಣಿ ಉಡಿಸಿದರು. ತಂಡ ಹೊರಟ ದಿನ ಬೆಳಿಗ್ಗೆ ಜೀಪಿನ ಹಾರ್ನ್ ಕೇಳಿಸಿತು. ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಾ ಕುಳಿತಿದ್ದೆ. ಯಾರೂ ಬೈದಿರಲಿಲ್ಲ, ಯಾರೂ ಬೇಡ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರೂ ಸುಮ್ಮನಿದ್ದರು ಅಷ್ಟೇ.

ಆಸ್ಪತ್ರೆಯಲ್ಲಿ ಆ ರಾತ್ರಿ ನಾನೂ ಸುಮ್ಮನಿದ್ದೆನಲ್ಲ, ಅದು ನನ್ನನ್ನು ತಿನ್ನುತ್ತಿದೆ.

ಹೆದರಿಕೆ ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಈ ಆಟದ ಬದುಕು ಎಷ್ಟು ಕಠಿಣವೆಂದು ನನಗೆ ಗೊತ್ತು. ಮೊದಲ ವರ್ಷ ಹೆಚ್ಚಿನ ಆಟಗಾರ್ತಿಯರಿಗೆ ಸಿಕ್ಕಿದ್ದು 8,500 ಡಾಲರ್. ಹಗಲೆಲ್ಲ ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುತ್ತಿದ್ದರು. ಈಗ ಸಂಬಳ ಏರಿದೆ, ಆದರೂ ಇನ್ನೊಂದು ವಿದ್ಯೆ ಕೈಯಲ್ಲಿರಲಿ ಎಂಬುದು ನನ್ನ ಹಟ. ಓದು ಬಿಡಕೂಡದು. ಮಂಡಿ ಗಟ್ಟಿಯಾಗುವವರೆಗೆ, ವೈದ್ಯರು ಒಪ್ಪುವವರೆಗೆ, ಒಂಬತ್ತು ತಿಂಗಳಾಗಲಿ ಹನ್ನೆರಡಾಗಲಿ, ಮೈದಾನದಲ್ಲಿ ಓಡಕೂಡದು. ನನ್ನ ಷರತ್ತು ಇವೆರಡೇ.

ಎರಿನ್ ಕೂಡ ಕಾದಳು. 2022ರ ಏಪ್ರಿಲ್‌ನಲ್ಲಿ ಅದೇ ಓವಲ್‌ನಲ್ಲಿ ಮೂರನೆಯ ಪ್ರಶಸ್ತಿ ಗೆದ್ದಳು, ಮೂವತ್ತಾರನೆಯ ವಯಸ್ಸಿನಲ್ಲಿ. ಅದೇ ವರ್ಷ ಪೋರ್ಟ್ ಅಡಿಲೇಡ್ ಮಹಿಳಾ ತಂಡ ಕಟ್ಟಿತು, ಮೊದಲ ನಾಯಕಿ ಅವಳು. ಅಪ್ಪ ಆಡಿದ ತಂಡದ ಅಂಗಿ ತೊಡಲು ಮಗಳು ಅಷ್ಟು ವರ್ಷ ಕಾಯಬೇಕಾಯಿತು. ಅವಳಿಗಾಗಿ ನನಗೆ ಸಂತೋಷ ಉಕ್ಕಿತು, ಕಳೆದುಹೋದ ಆ ವರ್ಷಗಳಿಗಾಗಿ ಸಿಟ್ಟೂ ಬಂತು.

ನಿನ್ನ ಬೂಟುಗಳ ಕೆಸರು ಒರೆಸಿ, ಒಳಗೆ ಕಾಗದ ತುರುಕಿ ಕಪಾಟಿನಲ್ಲಿಟ್ಟಿದ್ದೇನೆ. ಬಿಸಾಡಿದೆನೆಂದು ನೀನು ತಿಳಿದಿದ್ದೀಯ, ನಿನ್ನೆ ನೀನು ಹುಡುಕುತ್ತಿದ್ದುದನ್ನು ನೋಡಿದೆ. ಗುರುವಾರ ಫಿಸಿಯೋಥೆರಪಿಗೆ ನಾನೇ ರಜೆ ಹಾಕಿ ಕರೆದೊಯ್ಯುತ್ತೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ನಾಳೆ ಊಟಕ್ಕೆ ಕುಳಿತಾಗ ನೀನು ಮಾತು ತೆಗೆ, ನಾನು ನಿನ್ನ ಪಕ್ಕದಲ್ಲೇ ಕುಳಿತಿರುತ್ತೇನೆ.

ನಿನ್ನ
ಅಮ್ಮ