ಸಂಸದರೇ, ನನ್ನ ತಮ್ಮನನ್ನು ಆಸ್ಪತ್ರೆಗೆ ಕಳಿಸಬೇಕಿತ್ತು, ಕೋರ್ಟಿಗಲ್ಲ

ಮಾನ್ಯ ರಾಯಚೂರು ಸಂಸದರಿಗೆ,

ನಮಸ್ಕಾರ. ಗಾಂಜಾ, ಅಫೀಮಿನಂಥ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆ 1985ರದ್ದು. ತಿದ್ದಬೇಕಾದವರು ದಿಲ್ಲಿಯಲ್ಲಿ ಕೂರುವ ನೀವು. ಅಂಥದ್ದನ್ನು ಸೇವಿಸಿದವನಿಗೇ ಶಿಕ್ಷೆ ಹಾಕುವ ಅದರ ಸೆಕ್ಷನ್ 27 ನಿಮಗೆ ಗೊತ್ತೇ ಇರುತ್ತದೆ. ನಮ್ಮ ಮನೆಯಲ್ಲಂತೂ ಎರಡು ವರ್ಷದಿಂದ ಬಾಯಿಪಾಠ.

ನನ್ನ ತಮ್ಮ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಚೀಲ ಹೊತ್ತು ಮೈ ನೋಯುತ್ತದೆ ಅಂತ ರಾತ್ರಿ ಗಾಂಜಾ ಸೇದುತ್ತಿದ್ದ. ತಪ್ಪೇ. ನಾನೇ ಎರಡು ಸಲ ಕಪಾಳಕ್ಕೆ ಹೊಡೆದಿದ್ದೇನೆ. ಒಂದು ರಾತ್ರಿ ಪೊಲೀಸರು ಹಿಡಿದರು. ಜೇಬಿನಲ್ಲಿ ಏನೂ ಇರಲಿಲ್ಲ, ಮೂತ್ರದಲ್ಲಿ ಸಿಕ್ಕಿತಂತೆ. ಬೆಳಗಾಗುವಷ್ಟರಲ್ಲಿ ಫೋಟೊ ಓಣಿಯ ವಾಟ್ಸಾಪ್ ಗ್ರೂಪಿಗೆ ಬಂದಿತ್ತು. ಮುಖಕ್ಕೇನೋ ಟವೆಲ್ ಹೊದಿಸಿದ್ದರು, ಆದರೆ ಕಾಲಲ್ಲಿದ್ದ ನೀಲಿ ಚಪ್ಪಲಿ, ಎಡಗಾಲಿನದಕ್ಕೆ ಉಂಗುಷ್ಟ ಕಿತ್ತು ಪಿನ್ನು ಚುಚ್ಚಿದ್ದು, ಓಣಿಗೆಲ್ಲ ಗೊತ್ತಿರುವ ಚಪ್ಪಲಿ. ಕೆಲಸ ಹೋಯಿತು. ಗೊತ್ತಾಗಿದ್ದ ಹೆಣ್ಣಿನ ಕಡೆಯವರು ಫೋನ್ ಎತ್ತುವುದನ್ನೇ ಬಿಟ್ಟರು. ಒಂದೊಂದು ವಾಯ್ದೆಗೂ ನನ್ನ ಒಂದು ದಿನದ ಕೂಲಿ, ಮೇಲೆ ವಕೀಲರ ಫೀಸು. "ಇವ ಯಾರ ಮನಿ ಕಳವು ಮಾಡ್ಯಾನೋ ಯಪ್ಪಾ?" ಅಂತ ಅವ್ವ ಇವತ್ತಿಗೂ ಕೇಳುತ್ತಾಳೆ. ನೀವಾದರೂ ಹೇಳಿ.

ನಮ್ಮಪ್ಪ ಸಿಎಚ್ ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಅನ್ನೋ ಮತ್ತಿನ ಪುಡಿ, ಬೆರೆಸಿದ ಸೇಂದಿ ಕುಡಿದು ಕುಡಿದು, ಕೈ ನಡುಗಿ ತುತ್ತು ಬಾಯಿಗೆ ಹೋಗದಂತಾಗಿ ಸತ್ತ. ಅವನನ್ನು ಯಾರೂ ಹಿಡಿಯಲಿಲ್ಲ. ಪುಣ್ಯ. ಮಾರಿದವನನ್ನೂ ಹಿಡಿಯಲಿಲ್ಲ! ಲೈಸೆನ್ಸ್ ಇರುವ ಬಾರಿನ ಮುಂದೆ ಮೋರಿಯಲ್ಲಿ ಬಿದ್ದವರ ಮೂತ್ರವೂ ಯಾರಿಗೂ ಬೇಡ. ಅದರ ತೆರಿಗೆ ಬರುತ್ತಲ್ವಾ, ಹಾಗಾಗಿ ಅದು ನೀತಿ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಕೇಸು ಹಾಕಿದ ಪುಟ್ಟಸ್ವಾಮಿಯವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆ ಹಕ್ಕು ಹಮಾಲಿಯವನಿಗೂ ಇದೆ ಅಂದುಕೊಂಡಿದ್ದೆ, ನನ್ನ ದಡ್ಡತನ.

ಮಾರುವವರನ್ನು ಹಿಡಿಯಿರಿ, ಬೇಡ ಅಂದವರ್ಯಾರು? ಸೇದಿದವನನ್ನು ಆಸ್ಪತ್ರೆಗೆ ಕಳಿಸಿ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಯ ಮೇಲೆ ಕೇಸು ನಡೆಸುವಂತಿಲ್ಲ ಅಂತ ಅದೇ ಕಾಯ್ದೆಯ 64ಎ ಹೇಳುತ್ತದೆ. ಠಾಣೆಯಲ್ಲಿ ನಮಗೆ ಒಬ್ಬರೂ ಅದನ್ನು ಹೇಳಲಿಲ್ಲ. ಸೆಕ್ಷನ್ 27 ತೆಗೆಯಿರಿ. ಗಾಂಜಾ ಸೇದಿದವನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ ಅಂತ ಬರೆದವರಿಗೆ ಹತ್ತು ಸಾವಿರಕ್ಕೆ ಎಷ್ಟು ಚೀಲ ಹೊರಬೇಕು ಅನ್ನೋ ಲೆಕ್ಕ ಗೊತ್ತಿರಲಿಕ್ಕಿಲ್ಲ. ಮತ್ತೆ ಹೇಳುತ್ತೇನೆ, 27 ತೆಗೆಯಿರಿ. ಸಂಸತ್ತಿನಲ್ಲಿ ಒಂದು ಪ್ರಶ್ನೆಯನ್ನಾದರೂ ಕೇಳಿ.

ಮುಂದಿನ ವಾಯ್ದೆ ಸೋಮವಾರ ಇದೆ. ಅಷ್ಟರೊಳಗೆ ಎರಡು ಸಾಲು ಉತ್ತರ ಬರೆದರೆ ಅವ್ವನಿಗೆ ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ